ಗೆದ್ದಲನ್ನು ಕೇಳಿದ ಮಿಸ್ತ್ರಿ

ಅಲ್ಲಾವುದ್ದೀನ್ ಮಿಸ್ತ್ರಿಯವರು ಮರವನ್ನು ಕಣ್ಣಿನಿಂದ ನೋಡುವ ಮೊದಲು ನಾಲಿಗೆಯಿಂದ ನೋಡುತ್ತಿದ್ದರು. ಕಟ್ಟಿಗೆ ಅಡ್ಡೆಯಲ್ಲಿ ತೊಲೆಗಳ ರಾಶಿಯ ಮುಂದೆ ನಿಂತು, ಕೋಟಿನ ಜೇಬಿನಿಂದ ಬೆರಳುದ್ದದ ಉಳಿಯನ್ನು ತೆಗೆದು, ತೊಲೆಯ ತುದಿಯಿಂದ ಉಗುರಿನಷ್ಟು ಚಕ್ಕೆಯನ್ನು ಎಬ್ಬಿಸಿ, ಮೊದಲು ಅದನ್ನು ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚುವರು. ಆಮೇಲೆ ಚಕ್ಕೆ ಮೆಲ್ಲನೆ ನಾಲಿಗೆಗೆ ಹೋಗುವುದು. ಒಂದು ನಿಮಿಷ, ಕೆಲವೊಮ್ಮೆ ಎರಡು ನಿಮಿಷ, ಅಡ್ಡೆಯ ಗರಗಸದ ಗದ್ದಲವಾಗಲಿ ಹೊರಗೆ ಸೇಡಂ ರಸ್ತೆಯ ಆಟೋಗಳ ಅರಚಾಟವಾಗಲಿ ಅವರನ್ನು ಮುಟ್ಟುತ್ತಿರಲಿಲ್ಲ. ವ್ಯಾಪಾರಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಚಕ್ಕೆಯನ್ನು ಪಕ್ಕಕ್ಕೆ ಉಗುಳಿದರೆ ಆ ತೊಲೆಯ ಕಥೆ ಅಲ್ಲಿಗೆ ಮುಗಿಯಿತು. ಜಗಿದು ನುಂಗಿದರೆ ಅಂದು ಯಾರದೋ ಮನೆಗೆ ಬಾಗಿಲು ಹುಟ್ಟಿತೆಂದು ಅರ್ಥ.

ಮೊದಲ ಸಲ ಇದನ್ನು ಕಂಡಾಗ ನನಗೆ ನಗು ಬಂದಿತ್ತು. ತೊಂಬತ್ತಾರರಲ್ಲಿ ನಾನು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಕಟ್ಟಿಸುತ್ತಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇರುವಷ್ಟು ಲೋಕಜ್ಞಾನವನ್ನೆಲ್ಲ ಖರ್ಚುಮಾಡಿ ಒಂದು ಗಾಡಿ ಸಾಗವಾನಿ ಹಲಗೆಯನ್ನು ನಾನೇ ಆರಿಸಿ ತಂದಿದ್ದೆ. ನಾಲ್ಕು ಜನಕ್ಕೆ ತೋರಿಸಿ ಶಾಬಾಸ್‌ಗಿರಿಯನ್ನೂ ಪಡೆದಿದ್ದೆ. ಮಿಸ್ತ್ರಿಯವರು ಬಂದರು. ಮೂರು ಹಲಗೆಗಳ ಚಕ್ಕೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ನನ್ನ ತಾಯಿ ಅಂಗಳದಲ್ಲಿ ಆಗಲೇ ತುಳಸಿ ನೆಟ್ಟಿದ್ದರಿಂದ, ಪ್ರತಿ ಸಲವೂ ಗೇಟು ದಾಟಿ ರಸ್ತೆಗೆ ಹೋಗಿ ಉಗುಳಿ ಬಂದರು.

“ಸರ್, ಗೌರ್ ಮಾಡ್ರಿ,” ಎಂದರು. “ಇದು ಸಾಗವಾನಿನೇ, ಅಲ್ಲಂತ ಅನ್ನಂಗಿಲ್ಲ. ಆದ್ರ ಹೊರಗಿನ ಬಿಳಿ ಭಾಗ. ನೀವು ಬಾಗಲಾ ಮಾಡಸಾಕತ್ತೀರೋ, ಒರಲಿಗಿ ಊಟಾ ಹಾಕಾಕತ್ತೀರೋ?” ಒರಲಿ ಎಂದರೆ ನಮ್ಮ ಕಡೆ ಗೆದ್ದಲು.

ಆ ‘ಗೌರ್ ಮಾಡ್ರಿ’, ಅಂದರೆ ಗಮನವಿಟ್ಟು ನೋಡಿ ಎನ್ನುವುದು, ಅವರ ಮಾತಿನ ಹೊಸ್ತಿಲು. ಅದನ್ನು ದಾಟದೆ ಯಾವ ವಾಕ್ಯವೂ ಅವರ ಬಾಯಿಂದ ಹೊರಗೆ ಬರುತ್ತಿರಲಿಲ್ಲ. ಹವೆಯ ವಿಷಯ ಹೇಳುವಾಗಲೂ ಗೌರ್ ಮಾಡಬೇಕು, ಚಹಾಕ್ಕೆ ಸಕ್ಕರೆ ಕಡಿಮೆಯೆಂದು ಹೇಳುವಾಗಲೂ ಗೌರ್ ಮಾಡಬೇಕು. ಮೈ ತೆಳ್ಳಗೆ, ಎತ್ತರ; ಎಡಗಡೆಗೆ ತುಸು ವಾಲಿದ ನಡಿಗೆ. ಆ ವಾಲುವಿಕೆಗೆ ಕಾರಣ ಕಾಲಿನ ದೋಷವಲ್ಲ, ಕಿವಿಯ ಚಟ: ಓಣಿಯಲ್ಲಿ ಹೋಗುವಾಗ ಸಿಕ್ಕ ಸಿಕ್ಕ ಬಾಗಿಲಿನ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಅದರ ದನಿಗೆ ಕಿವಿ ಒಡ್ಡುತ್ತಿದ್ದರು. ಯಾರೋ ಬಂದರೆಂದು ಒಳಗಿನಿಂದ ಹೆಂಗಸರು ಎದ್ದು ಬಂದರೆ ಓಣಿಯಲ್ಲಿ ಮಿಸ್ತ್ರಿಯವರ ಬೆನ್ನು ಮಾತ್ರ ಕಾಣುತ್ತಿತ್ತು. ಕಲಬುರಗಿಯ ಬೇಸಿಗೆಯಲ್ಲಿ, ಮನುಷ್ಯ ತನ್ನ ಚರ್ಮವನ್ನೂ ಕಳಚಿಡಬೇಕೆನ್ನುವ ಮೇ ತಿಂಗಳಿನಲ್ಲಿ ಸಹ, ಅವರ ಮೈಮೇಲೆ ಆರು ಜೇಬಿನ ಖಾಕಿ ಕೋಟು. ಒಂದೊಂದು ಜೇಬಿನಲ್ಲಿ ಒಂದೊಂದು ಜಾತಿಯ ಮರದ ಪುಡಿಯ ಪೊಟ್ಟಣ: ಹೊನ್ನೆ, ಬೇವು, ಕರಿಜಾಲಿ, ಕಮರ. ಹತ್ತಿರ ಹೋದರೆ ಇಡೀ ಕಾಡೇ ಕಮಲಾಪುರದ ಬಸ್ಸು ಹಿಡಿದು ಬಂದಂತೆ ಒಂದು ಕಂಪು. ಹೌದು, ಊರು ಅವರದು ಕಮಲಾಪುರ. ದಿನವೂ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದರು.

ನನ್ನ ಹಲಗೆಗಳನ್ನೆಲ್ಲ ವಾಪಸು ಕಳಿಸಿದ ದಿನವೇ ಅವರು ನನ್ನನ್ನು ಅಡ್ಡೆಗೆ ಕರೆದೊಯ್ದು ಅಡ್ಡ ಕೊಯ್ದ ಒಂದು ದಿಮ್ಮಿಯ ಮುಂದೆ ಕೂರಿಸಿದರು. ನಡುವೆ ಕಂದುಗೆಂಪಿನ ದೊಡ್ಡ ವೃತ್ತ, ಅದರ ಸುತ್ತ ಎರಡು ಬೆರಳು ಅಗಲದ ಬಿಳಿಯ ಅಂಚು.

“ಗಿಡದ ಜೀವ ಇರೂದು ಈ ಬಿಳೀ ಭಾಗದಾಗ್ರಿ. ನೀರು ಇದರಾಗ ಏರ್ತದ, ಸಿಹಿ ಇದರಾಗ ಇರ್ತದ. ಅದಕ್ಕ ಒರಲಿ ಮೊದಲ ಇದಕ್ಕ ಬಾಯಿ ಹಾಕ್ತದ. ನಡುವಿನ ಕೆಂಪು ತಿರುಳು ಅದ ನೋಡ್ರಿ, ಅದು ಸತ್ತದ್ದು. ಸತ್ತದ್ದಕ್ಕ ಕಾವಲು ಯಾರು? ಗೌರ್ ಮಾಡ್ರಿ ಸರ್, ಗಿಡ ತಾ ಬದುಕಿದ್ದಾಗನ ತನ್ನ ಕಹಿ ಎಲ್ಲಾ ಒಯ್ದು ಒಯ್ದು ಅಲ್ಲಿ ಇಡ್ತದ. ಕಡದ ಮ್ಯಾಲ ನೂರು ವರ್ಷ ಆದ್ರೂ ಆ ಕಹಿ ಕಾಯ್ತದ.”

ನಾನು ಆ ವೃತ್ತಗಳನ್ನು ನೋಡುತ್ತ ಬಹಳ ಹೊತ್ತು ಕುಳಿತೆ. ಬರೀ ಸಾಹಿತ್ಯ ಓದಿದವನಿಗೆ ಮರವೆಂದರೆ ನೆರಳು, ಹಣ್ಣು, ಹಕ್ಕಿ. ಮರವೊಂದು ತನ್ನ ಸಾವಿನ ನಂತರದ ಕಾಲಕ್ಕಾಗಿ, ಓಡಲಾರದ, ಕೂಗಲಾರದ ತನ್ನ ದೇಹದ ನಡುಮಧ್ಯದಲ್ಲಿ ವರ್ಷಕ್ಕೊಂದು ವರ್ತುಲದಂತೆ ವಿಷವನ್ನೂ ಎಣ್ಣೆಯನ್ನೂ ಶೇಖರಿಸಿಕೊಳ್ಳುತ್ತ ನಿಂತಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಕೋಟ್ಯಂತರ ಹುಳುಗಳು ಮಣ್ಣಿನೊಳಗಿನಿಂದ ಕುರುಡಾಗಿ ಏರಿಬಂದು, ಮಾವಿನ ಹಲಗೆಯನ್ನು ಒಂದು ಮಳೆಗಾಲದಲ್ಲಿ ಮುಗಿಸಿ, ಈ ಕೆಂಪಿನ ಗೆರೆಯ ಹತ್ತಿರ ಬಂದು ನಿಂತುಬಿಡುತ್ತವೆ. ಅಂಥ ಗೆರೆ ಎಲ್ಲಿದೆಯೆಂದು ಚಕ್ಕೆಯ ರುಚಿಯಿಂದ ಹೇಳಬಲ್ಲ ಮನುಷ್ಯ ನನ್ನ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ. ಅಂದಿನಿಂದ ನಾನು ಅವರನ್ನು ಏಕವಚನದಲ್ಲಿ ನೆನೆದದ್ದಿಲ್ಲ. ಈಗ ಬರವಣಿಗೆಯ ಓಟದಲ್ಲಿ ಬಂದುದಕ್ಕೆ ಕ್ಷಮೆಯಿರಲಿ.

ಬಾಗಿಲು ಕೂರಿಸಿದ ದಿನ ಮನೆಯ ಯಜಮಾನನನ್ನು ಎದುರಿಗೆ ನಿಲ್ಲಿಸಿಕೊಂಡು ಅವರು ಒಂದೇ ಒಂದು ಮಾತು ಹೇಳುತ್ತಿದ್ದರು: “ಇದಕ್ಕ ಒರಲಿ ಹತ್ತಂಗಿಲ್ಲ.” ಕಾಗದವಿಲ್ಲ, ಸಹಿಯಿಲ್ಲ. ಸೂಪರ್ ಮಾರ್ಕೆಟ್ಟಿನ ಬಂಗಾರದ ಅಂಗಡಿಯವರು ಹಿತ್ತಾಳೆಗೆ ಕೊಡುವ ಚೀಟಿಗಿಂತ ಆ ಮಾತಿಗೆ ನಮ್ಮೂರಲ್ಲಿ ಬೆಲೆ ಹೆಚ್ಚಾಗಿತ್ತು. ಗಂಡು ಹುಡುಕುವವರು ಕೂಡ ‘ಮನೀಗಿ ಬಾಗಲಾ ಅಲ್ಲಾವುದ್ದೀನ್ ಮಿಸ್ತ್ರೀದು’ ಎಂದು ಕೇಳಿ ಸಮಾಧಾನಪಟ್ಟದ್ದನ್ನು ನಾನು ಬಲ್ಲೆ.

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ, ಕೊರೋನಾದ ಎರಡನೆಯ ಸುತ್ತಿನಲ್ಲಿ, ಮಿಸ್ತ್ರಿಯವರು ಹಾಸಿಗೆ ಹಿಡಿದರು. ಇಪ್ಪತ್ತು ದಿನಕ್ಕೆ ಎದ್ದರು. ಎದ್ದು ಓಡಾಡತೊಡಗಿದ ಮೇಲೆ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕುಳಿತಿದ್ದರಂತೆ; ಹಾಲು ಉಕ್ಕಿ, ಹೊತ್ತಿ, ಪಾತ್ರೆಯ ತಳ ಕರಕಲಾಗಿ ಮನೆಯೆಲ್ಲ ಕಮಟು ತುಂಬಿದರೂ ಅವರು ಹಾಗೇ ಕುಳಿತಿದ್ದರು. ಅವರ ಹೆಂಡತಿ ಮಸ್ತಾನಬಿ ಹಿತ್ತಲಿನಿಂದ ಓಡಿಬಂದು ಪಾತ್ರೆಯನ್ನು ಕಂಡರು, ಗಂಡನ ಮುಖವನ್ನು ಕಂಡರು. ಮೂಗು ಹೋಗಿತ್ತು. ಅದರ ಹಿಂದೆಯೇ ನಾಲಿಗೆಯೂ ಹೋಗಿತ್ತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಗಂಡಹೆಂಡಿರು ಕಾದರು. ಡಾಕ್ಟರರು ಕೂಡ ಬರುತ್ತದೆ ಎಂದೇ ಹೇಳಿದ್ದರು. ಬರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ಬರೆಯದಿದ್ದರೆ ಅವರೇ ನನ್ನನ್ನು ಕ್ಷಮಿಸಲಾರರು. ಮಿಸ್ತ್ರಿಯವರು ಯಾರಿಗೂ ಹೇಳಲಿಲ್ಲ. ಅಡ್ಡೆಗೆ ಹೋದರು, ಉಳಿ ತೆಗೆದರು, ಚಕ್ಕೆ ಎಬ್ಬಿಸಿದರು, ಕಣ್ಣು ಮುಚ್ಚಿದರು, ನಾಲಿಗೆಯ ಮೇಲಿಟ್ಟರು. ಬೂದಿ ಇಟ್ಟಂತಿತ್ತು ಎಂದು ಆಮೇಲೆ ಹೇಳಿದರು. ಬಣ್ಣ ನೋಡಿ, ಗೆರೆ ನೋಡಿ, ತೂಕ ನೋಡಿ ತೀರ್ಮಾನಿಸುವರು. ವ್ಯಾಪಾರಿಯ ಮುಂದೆ ಮಾತ್ರ ಜಗಿದು ನುಂಗುವರು. ಹೀಗೆ ಎಂಟು ತಿಂಗಳು, ಮೈಯಲ್ಲಿ ಶಕ್ತಿ ಇದ್ದಷ್ಟು ದಿನ, ಹನ್ನೊಂದು ಮನೆಗಳಿಗೆ ಬಾಗಿಲು ಹಚ್ಚಿದರು. ಹನ್ನೊಂದು ಸಲ ಆ ಮಾತನ್ನು ಹೇಳಿದರು. ಆಮೇಲೆ ಮೈಯಲ್ಲಿ ತ್ರಾಣವಿಲ್ಲವೆಂದು ಹೊಸ ಬಾಗಿಲುಗಳನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟು, ಹಳೆಯವಕ್ಕೆ ತಿರುಗಣೆ, ಕೊಂಡಿ ಕೂರಿಸುತ್ತ ಉಳಿದರು. ನಾವೆಲ್ಲ ವಯಸ್ಸಾಯಿತೆಂದು ತಿಳಿದೆವು.

ಆ ಹನ್ನೊಂದರಲ್ಲಿ ಒಂದು ನನ್ನ ಮನೆಯ ಹಿತ್ತಲ ಬಾಗಿಲು. ಇನ್ನೊಂದು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಪಾರ್ವತೀಬಾಯಿಯವರ ದೇವರ ಖೋಲಿಯದು. ಕಾಕುವಿನ ಮನೆ ನನ್ನ ಮನೆಯಿಂದ ಎರಡು ಓಣಿ ಆಚೆ. ಎಪ್ಪತ್ತೆಂಟು ವರ್ಷ, ಮಡಿ ಹುಡಿಯ ಹೆಂಗಸು. ಮರಾಠಿಯಲ್ಲಿ ಪ್ರೀತಿ, ಕನ್ನಡದಲ್ಲಿ ಸಿಟ್ಟು. ಇಪ್ಪತ್ಮೂರರ ಆಷಾಢದಲ್ಲಿ ಒಂದು ಬೆಳಗ್ಗೆ ಫೋನು ಬಂತು, ಕನ್ನಡದಲ್ಲಿ: “ಸುಮಂತಾ, ನಿನ್ನ ಮಿಸ್ತ್ರೀನ್ನ ಕರಕೊಂಡು ಈಗಿಂದೀಗ ಬಾ.”

ದೇವರ ಖೋಲಿಯ ಚೌಕಟ್ಟನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಬಣ್ಣದ ಕೆಳಗೆ ಮರವೇ ಇರಲಿಲ್ಲ. ತೆಳ್ಳನೆಯ ಸಿಪ್ಪೆ, ಒಳಗೆ ಹಸಿ ಮಣ್ಣು. ಗೆದ್ದಲು ಅಲ್ಲಿಂದ ಗೋಡೆಯ ಕಪಾಟಿಗೆ ದಾಟಿತ್ತು. ಕಪಾಟಿನಲ್ಲಿದ್ದದ್ದು ಹಾಡಿನ ವಹಿ. ಕಾಕುವಿನ ಅತ್ತೆಯ ಅತ್ತೆ ಬರೆಯತೊಡಗಿ, ಅತ್ತೆ ಮುಂದುವರಿಸಿ, ಕಾಕು ತುಂಬಿಸಿದ ಹಾಡುಗಳು. ಉದಯರಾಗದಿಂದ ಹಿಡಿದು ಬೀಗರನ್ನು ಕಿಚಾಯಿಸುವ ಹಾಡಿನವರೆಗೆ ಮೂರು ತಲೆಮಾರಿನ ಹೆಂಗಸರ ಕೈಬರಹ. ರಟ್ಟು ಹಾಗೇ ಇತ್ತು. ತೆರೆದರೆ ಹಾಳೆಗಳ ಜಾಗದಲ್ಲಿ ಮಣ್ಣಿನ ಗಟ್ಟಿ.

ಮಿಸ್ತ್ರಿಯವರು ಹೊಸ್ತಿಲ ಹೊರಗೇ ನಿಂತರು. “ಒಳಗ ಬಾ,” ಎಂದರು ಕಾಕು. “ಹಚ್ಚಿದಾವ ನೀನ. ದೇವರಿಗಿ ನಿನ್ನ ಗುರ್ತ ಇಲ್ಲೇನು?” ಅವರು ಒಳಗೆ ಬಂದು ಕೂತು, ಉಳಿದಷ್ಟು ಮರದಿಂದ ಚಕ್ಕೆ ಎಬ್ಬಿಸಿ, ಕಣ್ಣು ಮುಚ್ಚಿ ನಾಲಿಗೆಯ ಮೇಲಿಟ್ಟರು. ಒಂದು ನಿಮಿಷವಾಯಿತು. ಆಮೇಲೆ ನಾನು ಎಂದೂ ಕಾಣದ್ದು ನಡೆಯಿತು: ಉಗುಳಲೂ ಇಲ್ಲ, ನುಂಗಲೂ ಇಲ್ಲ. ಚಕ್ಕೆಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು.

“ಬಾಯಿ, ನನಗ ವಾಸನಿ ಬರಂಗಿಲ್ಲ. ರುಚೀನೂ ಇಲ್ಲ. ಇದು ಬಿಳೀ ಭಾಗಕ್ಕ ಬಣ್ಣ ಕುಡಿಸಿ ಕೆಂಪು ಮಾಡಿದ್ದು. ಮೊದಲಾಗಿದ್ರ ತುಟಿಗಿ ಹತ್ತೂದ್ರಾಗ ಗೊತ್ತಾಗ್ತಿತ್ತು.”

“ಎಷ್ಟು ದಿವಸ ಆತು?”

“ಎರಡು ವರ್ಷ.”

“ಮತ್ತ ಆವತ್ತು ನನ್ನ ಮುಂದ ನೆಕ್ಕಿ ತೋರಿಸಿದ್ದು?”

“ನಾಟಕ, ಬಾಯಿ.”

ಕಾಕು ಬೈಯುತ್ತಾರೆಂದು ನಾನು ಕಾದೆ; ಬೈದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಅವರು ವಹಿಯನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. “ಅರ್ಧ ಹಾಡು ನನ್ನ ಬಾಯಾಗ ಅವ. ಉಳದರ್ಧ ಇನ್ನ ಇಲ್ಲ,” ಎಂದರು. ಆಮೇಲೆ ತಲೆಯೆತ್ತಿ, “ಹಿಂಗ ನಾಟಕ ಮಾಡಿ ಇನ್ನ ಎಷ್ಟು ಮನೀಗಿ ಹಚ್ಚಿದಿ, ಅಲ್ಲಾವುದ್ದೀನ?” ಎಂದು ಕೇಳಿದರು.

ಮರುದಿನದಿಂದ ಮಿಸ್ತ್ರಿಯವರು ಆ ಪ್ರಶ್ನೆಗೆ ಉತ್ತರ ಕೊಡಲು ಹೊರಟರು. ಉಳಿದ ಹತ್ತೂ ಮನೆಗಳಿಗೆ ಹೋಗಿ, ಅಂಗಳದಲ್ಲೇ ನಿಂತು, ನನ್ನ ಮೂಗು ಸತ್ತಿತ್ತು, ನಾನು ಸುಳ್ಳು ಹೇಳಿದ್ದೆ, ನಿಮ್ಮ ಬಾಗಿಲು ಎಂಥದೋ ನನಗೆ ಗೊತ್ತಿಲ್ಲ ಎಂದು ಹೇಳಿದರು. ಕೇಳಿದವರಲ್ಲಿ ಬಹಳ ಜನಕ್ಕೆ ಸಿಟ್ಟಿಗಿಂತ ಮುಜುಗರವೇ ಹೆಚ್ಚಾಯಿತು. ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆಯಂಗಡಿ ಇಟ್ಟಿರುವ ಅಜರ್ ಎಂಬಾತ, ಮಿಸ್ತ್ರಿಯವರನ್ನು ಕುರ್ಚಿಯ ಮೇಲೆ ಕೂರಿಸಿ, ನನ್ನ ಎದುರಿಗೇ ಬುದ್ಧಿ ಹೇಳಿದ.

“ಚಾಚಾ, ಯಾರೂ ಕೇಳಾಕ ಬಂದಿಲ್ಲ. ನೀವ್ಯಾಕ ಊರೂರ ತುಂಬ ಡಂಗುರ ಹೊಡೀತೀರಿ? ಒರಲಿ ಬಂದ್ರ ದವಾ ಹೊಡಸ್ತೀವಿ, ಮುಗೀತು.”

“ದವಾ ಹೊಡದ್ರ ಒರಲಿ ಸಾಯ್ತದ, ಬೇಟಾ. ನಾ ಆಡಿದ ಮಾತು? ಅದಕ್ಕ ಯಾವ ದವಾ ಅದ?”

ನಲವತ್ತು ವರ್ಷದ ದುಡಿಮೆಯಲ್ಲಿ ಮಿಸ್ತ್ರಿಯವರಿಗೆ ಉಳಿದ ಆಸ್ತಿ ಎಂದರೆ ಅದೊಂದು ಮಾತು. ಅದು ಹನ್ನೊಂದು ಕಡೆ ಟೊಳ್ಳಾಗಿದೆಯೋ, ಒಂದೇ ಕಡೆಯೋ ಎಂಬುದು ತಿಳಿಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ತಿಳಿಯುವುದು ಹೇಗೆ? ಮೊದಲು ಹೆಂಡತಿಯ ಮೂಗನ್ನು ಎರವಲು ಪಡೆಯಲು ನೋಡಿದರು. ಬಗೆಬಗೆಯ ಚಕ್ಕೆಗಳನ್ನು ಮಸ್ತಾನಬಿಯವರ ಮೂಗಿಗೆ ಹಿಡಿದು, “ಕೈಸಾ ಹೈ, ಬೋಲ್?” ಎಂದು ಕೇಳುವರಂತೆ. “ಲಕ್ಡೀ ಹೈ, ಲಕ್ಡೀ ಜೈಸಾಚ್ ಹೈ,” ಕಟ್ಟಿಗೆ ಕಟ್ಟಿಗೆಯಂತೆಯೇ ಇದೆ, ಎಂದು ಆ ತಾಯಿ ಪ್ರಾಮಾಣಿಕವಾಗಿ ಉತ್ತರಿಸುವರಂತೆ. ನಾಲ್ಕು ದಿನ ಈ ಪರೀಕ್ಷೆ ನಡೆದು, ಐದನೆಯ ದಿನ ಮಸ್ತಾನಬಿ ಚಕ್ಕೆಗಳನ್ನೆಲ್ಲ ಬಾಚಿ ಒಲೆಗೆ ಹಾಕಿ ಚಹಾ ಮಾಡಿದರು.

ಆ ಚಹಾ ಕುಡಿಯುವಾಗ ಹೊಳೆಯಿತೆಂದು ಮಿಸ್ತ್ರಿಯವರು ನನಗೆ ಹೇಳಿದ್ದಾರೆ. ಮನುಷ್ಯರ ಮೂಗನ್ನು ಏಕೆ ಬೇಡಬೇಕು? ಮರದ ರುಚಿಯನ್ನು ನಿಜಕ್ಕೂ ಬಲ್ಲವರು ಯಾರು? ಇಷ್ಟು ವರ್ಷ ಯಾರ ವಿರುದ್ಧ ಬಾಗಿಲು ಕಟ್ಟಿದೆನೋ ಅವರನ್ನೇ ಕೇಳಬೇಕು.

ಮತ್ತೆ ಹನ್ನೊಂದು ಮನೆಗಳಿಗೆ ಹೋದರು. ಚೌಕಟ್ಟಿನ ಕಾಣದ ಬದಿಯಿಂದ ಗೇಣುದ್ದದ, ಎರಡು ಬೆರಳು ದಪ್ಪದ ತುಂಡನ್ನು ಬಿಡಿಸಿ, ಆ ಜಾಗಕ್ಕೆ ಕಮರದ ತುಂಡನ್ನು ಎಷ್ಟು ನಾಜೂಕಾಗಿ ಕೂರಿಸಿದರೆಂದರೆ, ನನ್ನ ಹಿತ್ತಲ ಬಾಗಿಲಿನಲ್ಲಿ ಆ ಜಾಗ ಯಾವುದೆಂದು ಇಂದಿಗೂ ನಾನು ಹುಡುಕಿ ಸೋಲುತ್ತೇನೆ. ಕಲಬುರಗಿಯ ಎರೆ ಮಣ್ಣಿನಲ್ಲಿ ಹುತ್ತ ಏಳುವುದು ಅಪರೂಪ, ಗೆದ್ದಲನ್ನು ಕೇಳುವ ಕೆಲಸ ಅಲ್ಲಾಗದು. ಕಮಲಾಪುರದಲ್ಲಿ ಅವರ ಮನೆಯ ಹಿಂದೆ ಭಾವಮೈದುನನ ಹೊಲವಿದೆ. ಆ ಊರಿನ ಹೆಸರಾದ ಕೆಂಪು ಬಾಳೆಯ ತೋಟ ಮುಗಿದು ಬೇವಿನ ಮರ ಬರುವಲ್ಲಿ ಕುಂಕುಮದಂಥ ಮಣ್ಣು, ಆ ಮಣ್ಣಿನಲ್ಲಿ ಎದೆಯೆತ್ತರದ ನಾಲ್ಕು ಹುತ್ತ. ಹುತ್ತಗಳ ನಡುವೆ ಆ ಬಾಗಿಲುಗಳ ತುಂಡುಗಳನ್ನೇ ಗೂಟ ಮಾಡಿ ಅರ್ಧ ಹುಗಿದು ನೆಟ್ಟರು. ಎರಡೆರಡು ಗೂಟಗಳ ನಡುವೆ ಒಂದೊಂದು ಹಸಿ ಮಾವಿನ ಗೂಟ.

“ಮಾವಿಂದು ಯಾಕ್ರೀ?” ಎಂದು ನಾನು ಕೇಳಿದೆ. “ಅದನ್ನ ಹೆಂಗೂ ತಿಂತಾವಲ್ಲ.”

“ಅದಕ್ಕನ ಹಾಕೀನ್ರಿ. ಅದು ಗವಾಹ್. ನಾಳೆ ನನ್ನ ಗೂಟ ಒಂದು ಉಳೀತು ಅಂತ ಇಟ್ಕೋರಿ. ಕಟಗಿ ಚಲೋ ಇತ್ತಂತ ಉಳೀತೋ, ಆ ಕಡಿ ಒರಲಿ ಬರಲೇ ಇಲ್ಲಂತ ಉಳೀತೋ? ಮಗ್ಗಲಿನ ಮಾವು ಖಾಲಿಯಾಗಿದ್ರ ಒರಲಿ ಬಂದಿತ್ತು, ನೋಡಿತ್ತು, ಬ್ಯಾಡಂತ ಬಿಟ್ಟು ಹೋತು ಅಂತ ಅರ್ಥ. ಗೌರ್ ಮಾಡ್ರಿ, ಗವಾಹ್ ಇಲ್ಲದ ಫೈಸ್ಲಾ ಫೈಸ್ಲಾ ಅಲ್ಲ.”

ಸಾಕ್ಷಿಯಿಲ್ಲದ ತೀರ್ಪು ತೀರ್ಪಲ್ಲ! ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ಇದನ್ನು ಯಾವ ಪುಸ್ತಕದಲ್ಲಿ ಓದಿದ್ದರು? ವಿದ್ವಾಂಸರು ಸೇರಿದ ಎಷ್ಟೋ ಸಭೆಗಳಲ್ಲಿ ನಾನು ಕೂತಿದ್ದೇನೆ. ತನ್ನ ವಾದ ಗೆದ್ದರೂ ಆ ಗೆಲುವು ನಿಜವೋ ಅಲ್ಲವೋ ಎಂದು ನೋಡಲು ಮೊದಲೇ ಸಾಕ್ಷಿಯನ್ನು ನಿಲ್ಲಿಸಿದವರನ್ನು ಒಬ್ಬರನ್ನೂ ಕಂಡಿಲ್ಲ. ನಾನೂ ಹಾಗೆ ನಿಲ್ಲಿಸಿದವನಲ್ಲ. ಬಿಸಿಲಲ್ಲಿ ನಿಂತು ಆ ಗೂಟಗಳ ಸಾಲನ್ನು ನೋಡುತ್ತಿದ್ದಾಗ, ಎಷ್ಟು ದೊಡ್ಡ ಬುದ್ಧಿ ಎಷ್ಟು ಸಣ್ಣ ಹೊಲದ ಮೂಲೆಯಲ್ಲಿ ಕೆಲಸ ಮಾಡುತ್ತಿದೆಯಲ್ಲ ಎಂದುಕೊಂಡೆ.

ಒಂದು ವರ್ಷ ಮಣ್ಣನ್ನು ಮುಟ್ಟಲಿಲ್ಲ. ಆ ವರ್ಷ ಹೊಸ ಬಾಗಿಲು ಬೇಕೆಂದು ಬಂದವರಿಗೆಲ್ಲ, ಫೈಸ್ಲಾ ಆಗಲಿ, ಆಮೇಲೆ ಬರ್ರಿ ಎಂದು ಹೇಳಿ ಕಳಿಸಿದರು. ಕಾಕುವಿನ ಚೌಕಟ್ಟನ್ನು ಮಾತ್ರ, ಹಳೆಯ ಮನೆಯೊಂದು ಕೆಡವಿದಾಗ ಸಿಕ್ಕ ಕಮರದ ತೊಲೆಯಿಂದ ಮಾಡಿಕೊಟ್ಟರು. ಆ ಕಮರ ಎಷ್ಟು ಗಟ್ಟಿಯೆಂದರೆ ಎರಡು ಉಳಿ ಮುರಿದವು. ಬಾಗಿಲು ನಿಲ್ಲಿಸಿ, ಆ ಎಂದಿನ ಮಾತನ್ನು ಹೇಳದೆ ಹೊರಟುಹೋದರು.

ಇಪ್ಪತ್ನಾಲ್ಕರ ಆಗಸ್ಟಿನಲ್ಲಿ ಒಂದು ರವಿವಾರ ಗೂಟ ಕೀಳುವುದೆಂದು ನಿಶ್ಚಯಿಸಿ, ಹನ್ನೊಂದು ಮನೆಯವರನ್ನೂ ಮಿಸ್ತ್ರಿಯವರು ಹೋಗಿ ಕರೆದು ಬಂದರು. ತಾನು ಸೋಲಬಹುದಾದ ಜಾಗಕ್ಕೆ ಮದುವೆಗೆ ಕರೆದಂತೆ ಜನರನ್ನು ಕರೆದವರನ್ನು ನಾನು ಅಂದೇ ನೋಡಿದ್ದು. ಬಂದವರು ಮೂವರು: ಅಜರ್, ನಾನು, ಮತ್ತು ಕುಡಿಯುವ ನೀರನ್ನು ತಾಮ್ರದ ತಂಬಿಗೆಯಲ್ಲಿ ತುಂಬಿಕೊಂಡು ನನ್ನ ಕಾರಿನಲ್ಲಿ ಬಂದ ಕಾಕು. ಮಸ್ತಾನಬಿ ಬೇವಿನ ಕೆಳಗೆ ಕಾಕುವಿಗೆ ಕುರ್ಚಿ ಹಾಕಿ, ತಾವು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತರು.

ಮೊದಲು ಮಾವಿನ ಗೂಟಗಳು. ಎಳೆಯುವುದೇ ಬೇಡವಾಯಿತು, ಮುಟ್ಟಿದರೆ ಹಪ್ಪಳದಂತೆ ಮುರಿದವು. ಒಂದೂ ಉಳಿದಿರಲಿಲ್ಲ. ಅಂದರೆ ಗೆದ್ದಲು ಎಲ್ಲ ಕಡೆ ಬಂದಿತ್ತು, 'ಗವಾಹ್' ಒಂದೂ ಸುಳ್ಳಾಗಿರಲಿಲ್ಲ. ಆಮೇಲೆ ಮಿಸ್ತ್ರಿಯವರು ಮನೆಗಳ ಹೆಸರು ಹೇಳುತ್ತ ಒಂದೊಂದೇ ಗೂಟವನ್ನು ಕಿತ್ತರು. ಕಾಕುವಿನ ಚೌಕಟ್ಟಿನಲ್ಲಿ ಉಳಿದಿದ್ದ ತುಂಡು ಸಿಪ್ಪೆಯಾಗಿತ್ತು, ಅದು ಗೊತ್ತಿದ್ದದ್ದೇ. ಸೇಡಂ ರಸ್ತೆಯ ಎರಡು ಮನೆಯವು ಅರ್ಧಕ್ಕರ್ಧ ಹೋಗಿದ್ದವು. ಅಜರನದು ಕೈಗೆ ಬಂದದ್ದು ಮೇಲಿನ ತುದಿ ಮಾತ್ರ. ಪ್ರತಿ ಸಲವೂ, “ನಂದು ತಪ್ಪು,” ಎಂದು ದನಿ ಎತ್ತಿ ಹೇಳಿ, ಗೂಟವನ್ನು ಪಕ್ಕಕ್ಕಿಟ್ಟರು. ನನ್ನ ಸರದಿ ಬಂದಾಗ ನಾನು ಮನಸ್ಸಿನಲ್ಲಿ ದೇವರನ್ನು ನೆನೆದೆನೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಗೂಟ ಇಡಿಯಾಗಿ ಬಂತು. ನೀರಲ್ಲಿ ಅದ್ದಿ ಒರೆಸಿದರೆ ಉಳಿಯ ಗೆರೆ ಕೂಡ ಮಾಸಿರಲಿಲ್ಲ. ನಾಲ್ಕು ಹುತ್ತಗಳ ನಡುವೆ ಮುನ್ನೂರ ಅರವತ್ತೈದು ದಿನ ನಿಂತು, ಎಡಬಲದ ಮಾವು ಮಣ್ಣಾಗಿ ಹೋದರೂ ಒಂದು ಕಚ್ಚು ಕೂಡ ತಗಲದೆ ಹೊರಬಂದ ಆ ಗೇಣುದ್ದದ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಸರ್, ವಾಸನಿ ನೋಡ್ರಿ. ಹ್ಯಾಂಗದ?” ಎಂದು ಮಿಸ್ತ್ರಿಯವರು ಕೇಳಿದರು. ಹಳೆಯ ಚರ್ಮದ ಚೀಲದಂತೆ, ಅದರೊಳಗೆ ಯಾರೋ ಎಣ್ಣೆಯ ಬತ್ತಿ ಇಟ್ಟಂತೆ, ಎಂದು ನಾನು ನನಗೆ ತಿಳಿದಷ್ಟು ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಹಾಂ, ಅದೇ,” ಎಂದರು.

ಹನ್ನೊಂದು ಮುಗಿದವು. ನಾಲ್ಕು ಹೋಗಿದ್ದವು, ಏಳು ನಿಂತಿದ್ದವು. ಕಾಕುವಿನದು ಬಿಟ್ಟು ಉಳಿದ ಮೂರು ಮನೆಗೂ ಹೊಸ ಚೌಕಟ್ಟು ತಮ್ಮ ಕೈಯಿಂದಲೇ ಎಂದು ಹೇಳಿ ಮಿಸ್ತ್ರಿಯವರು ಬೆವರು ಒರೆಸಿಕೊಂಡರು. ಅಜರ್ ಎದ್ದು ನಿಂತ. ಆಗ ಬೇವಿನ ಬುಡದ ಹತ್ತಿರ, ಸಾಲಿನ ಕೊನೆಯಲ್ಲಿ, ಹನ್ನೆರಡನೆಯ ಗೂಟವೊಂದಿರುವುದನ್ನು ಕಾಕು ಕಂಡರು.

“ಅದು ಯಾರದು?”

“ಅದು ನಮ್ಮ ಮನೀದು ಬಾಯಿ,” ಎಂದರು ಮಿಸ್ತ್ರಿ, ತುಸು ನಾಚಿಕೊಂಡು. “ಮೂವತ್ತೇಳು ವರ್ಷದ ಹಿಂದ ಇಕೀ ಲಗ್ನಾಗಿ ಬರೂ ಮುಂದ ಹಚ್ಚಿದ ಬಾಗಲಾ. ನಲವತ್ತು ತೊಲಿ ನೆಕ್ಕಿ ಒಂದು ಆರಿಸಿದ್ದೆ. ಮೂಗು ಇದ್ದಾಗಿನ ಕಟಗಿ ಹ್ಯಾಂಗ ನಿಲ್ತದ, ಮೂಗಿಲ್ಲದ್ದು ಹ್ಯಾಂಗ ನಿಲ್ತದ, ಮಗ್ಗಲಿಗಿಟ್ಟು ನೋಡೂಣಂತ ಹಾಕಿದ್ದೆ.”

ಕಿತ್ತರು. ಅರ್ಧ ಗೂಟ ಬಂತು. ಒಂದು ಬದಿ ಕಬ್ಬಿಣದಂತೆ ನಿಂತಿತ್ತು, ಇನ್ನೊಂದು ಬದಿಯನ್ನು ಗೆದ್ದಲು ಬೋಗುಣಿಯಂತೆ ತೋಡಿ ತಿಂದಿತ್ತು.

ಮಸ್ತಾನಬಿ ಬಾಯಿಗೆ ಸೆರಗು ಹಚ್ಚಿಕೊಂಡರು. ಮಿಸ್ತ್ರಿಯವರು ಕುಕ್ಕರಗಾಲಲ್ಲಿ ಕೂತು ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನಿಂದ ಗೆರೆಗಳನ್ನು ಎಣಿಸಿದರು. ಆಮೇಲೆ, ತಮಗೆ ತಾವೇ ಹೇಳಿಕೊಂಡಂತೆ, “ನಟ್ಟನಡುವಿನ ಎಳೀ ತಿರುಳು. ಗಿಡ ಸಣ್ಣಾಗಿದ್ದಾಗಿಂದು. ಕೆಂಪು ಬಂದದ, ವಾಸನೀನೂ ಬಂದಿರ್ತದ. ಕಹಿ ಮಾತ್ರ ಪೂರಾ ಬಂದಿಲ್ಲ. ಇದು ನನ್ನ ನಾಲಿಗಿಗಿ ಸಿಕ್ಕಿಲ್ಲ,” ಎಂದರು.

“ಆದ್ರ ಬಾಗಲಾ ನಿಂತದಲ್ಲ ಚಾಚಾ,” ಎಂದ ಅಜರ್. ಆ ಹುಡುಗಾಟದ ವ್ಯಾಪಾರಿಯ ದನಿಯಲ್ಲಿ ನಾನು ಮೊದಲ ಸಲ ಮರುಕ ಕೇಳಿದೆ. “ಮೂವತ್ತೇಳು ವರ್ಷ ಆತು, ಏನಾಗ್ಯದ?”

“ಒರಲಿ ಬಂದಿಲ್ಲ. ಅದಕ್ಕ ನಿಂತದ.”

ನನಗೆ ಭಯವಾಯಿತು. ಈಗಲಾದರೂ ಈ ಮನುಷ್ಯ ಕುಸಿಯುತ್ತಾರೆ ಎಂದುಕೊಂಡೆ. ಮೂಗು ಹೋದ ದುಃಖವನ್ನು, ಇದ್ದಾಗ ಅದು ಎಂದೂ ತಪ್ಪಿರಲಿಲ್ಲ ಎಂಬ ನೆನಪಿನ ಮೇಲೆ ಒರಗಿ ಅವರು ಸಹಿಸಿದ್ದರು. ಆ ಆಸರೆಯೂ ಇದೀಗ ಅವರ ಕೈಯಲ್ಲೇ ಮುರಿದಿತ್ತು. ಅವರು ಎದ್ದರು. ಮೊಣಕಾಲಿನ ಕೆಂಪು ಮಣ್ಣನ್ನು ಕೊಡವಿಕೊಂಡರು. ಅವರ ಮುಖದಲ್ಲಿ ನಾನು ಕಂಡದ್ದು, ದೇವರಾಣೆ ಹೇಳುತ್ತೇನೆ, ಕುತೂಹಲ.

“ಹಂಗಾರ ಮೊದಲಿಂದ ನೋಡಬೇಕು,” ಎಂದರು. “ನಾ ಹಚ್ಚಿದ್ದು ಎಲ್ಲಾ.”

ಅವರಿಗೆ ಅರವತ್ತೆಂಟು ವರ್ಷ. ಹಚ್ಚಿದ ಬಾಗಿಲುಗಳು ಐದುನೂರೋ ಆರುನೂರೋ, ಅವರಿಗೇ ಗೊತ್ತಿಲ್ಲ. ಮರುದಿನ ಸೋಮವಾರ ಬೆಳಗಿನ ಬಸ್ಸಿಗೆ ಬಂದು, ತಮ್ಮ ಕಸುಬಿನ ಮೊದಲ ವರ್ಷದಲ್ಲಿ ಬಾಗಿಲು ಹಚ್ಚಿದ ಮನೆಯ ಮುಂದೆ ನಿಂತರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮಿಸ್ತ್ರಿ ಯಾರೆಂಬುದೂ ಅವರಿಗೆ ತಿಳಿಯದು. ನಾನು ಇದನ್ನು ಬರೆಯುವ ಹೊತ್ತಿಗೆ ಎಂಬತ್ತಮೂರು ಮನೆಗಳಾಗಿವೆ. ಕಮಲಾಪುರದ ಹೊಲದಲ್ಲಿ ಗೂಟಗಳ ಸಾಲು ಬೇವನ್ನು ದಾಟಿ ಬಾಳೆಯ ತೋಟವನ್ನು ಮುಟ್ಟಿದೆ. ಇದು ಮುಗಿಯುವ ಕೆಲಸವಲ್ಲವೆಂದು ನಾನೊಮ್ಮೆ ಹೇಳಿದೆ. ಅದು ನನಗೂ ಗೊತ್ತು ಎನ್ನುವಂತೆ ತಲೆಯಾಡಿಸಿ, ಅವರು ಚೌಕಟ್ಟಿಗೆ ಉಳಿ ಹಚ್ಚಿದರು.

ನಮ್ಮಲ್ಲಿ ಬಹುಪಾಲು ಜನ ಒಳ್ಳೆಯವರೆನಿಸಿಕೊಂಡು ಬಾಳಿ ಹೋಗುತ್ತೇವೆ. ನಮ್ಮ ತಿರುಳಿನ ಕಹಿ ಪೂರಾ ಬಂದಿತ್ತೋ, ಗೆದ್ದಲು ನಮ್ಮ ಕಡೆಗೆ ಬರಲೇ ಇಲ್ಲವೋ ಎಂಬುದು ನಮಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ. ಬಾಗಿಲು ನಿಂತಿದೆಯಲ್ಲ ಎಂದು ತೃಪ್ತರಾಗುತ್ತೇವೆ. ಎಲ್ಲೋ ಕೆಲವರು ಮಾತ್ರ, ಯಾರೂ ಕೇಳದಿದ್ದರೂ, ನಿಂತ ಬಾಗಿಲಿನಿಂದಲೇ ಒಂದು ತುಂಡನ್ನು ಬಿಡಿಸಿಕೊಂಡು ಹುತ್ತದ ಬಾಯಿಗೆ ಒಯ್ಯುತ್ತಾರೆ. ತೀರ್ಪು ತಮ್ಮ ವಿರುದ್ಧ ಬಂದರೆ ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಮುಂದಿನ ತುಂಡಿಗೆ ಕೈ ಹಾಕುತ್ತಾರೆ. ಅಂಥವರು ನೆರೆಹೊರೆಗೆ ಸುಲಭದವರಲ್ಲ. ಅವರು ನಮ್ಮ ಅಂಗಳಕ್ಕೆ ಬಂದು ನಿಂತಾಗ, ಅವರು ಪರೀಕ್ಷಿಸುತ್ತಿರುವುದು ತಮ್ಮನ್ನೇ ಎಂದು ತಿಳಿದಿದ್ದರೂ, ನಾವು ನಮ್ಮ ಚೌಕಟ್ಟನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡುತ್ತೇವೆ.